ಪಿಕಪ್ಪೋ, ಸ್ಪೋರ್ಟ್ಸ್ ಕಾರೋ: ದಿನಾ ಓಡಿಸೋಕೆ ಯಾವುದು?

ನಮ್ಮೂರಲ್ಲಿ ಪಿಕಪ್ ಅಂದ್ರೆ ಯಾರಿಗೂ ಅನುಮಾನ ಇಲ್ಲ. ಕೋಲಾರದಲ್ಲಿ ಟೊಮೆಟೊ ಕ್ರೇಟು, ಮದ್ದೂರಲ್ಲಿ ಎಳನೀರು, ಬೆಂಗಳೂರಲ್ಲಿ ಮನೆ ಖಾಲಿ ಮಾಡುವಾಗ ಫ್ರಿಜ್ಜು, ಮಂಚ, ಅದರ ಮೇಲೆ ಹಗ್ಗ ಹಿಡ್ಕೊಂಡು ಕೂತ ಇಬ್ಬರು. ಬೊಲೆರೊ ಪಿಕಪ್ ಆಗಲಿ, ಟಾಟಾ ಏಸ್ ಆಗಲಿ, ಅದು ದುಡಿಯೋ ಗಾಡಿ. ಅದರಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಇಟ್ಕೊಂಡು ಟೆಕ್ ಪಾರ್ಕಿಗೆ ಹೋದರೆ ಸೆಕ್ಯುರಿಟಿಯವರು ಕೈ ತೋರಿಸಿ "ಡೆಲಿವರಿ ಗೇಟು ಆ ಕಡೆ ಸಾರ್" ಅಂತಾರೆ.

ಡಲ್ಲಾಸ್‌ನಲ್ಲಿ ಎಲ್ಲಾ ಉಲ್ಟಾ. ಇಲ್ಲಿ ನಮ್ಮ ಆಫೀಸಿನ ಪಾರ್ಕಿಂಗ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನಿಂತು ನೋಡಿದ್ರೆ ಸಾಲು ಸಾಲು ಟ್ರಕ್ಕು. ಟ್ರಕ್ ಅಂದ್ರೆ ಲಾರಿ ಅಲ್ಲ, ಪಿಕಪ್ಪೇ. ಒಳಗೆ ಚರ್ಮದ ಸೀಟು, ಸನ್‌ರೂಫು, ಟೀವಿಯಷ್ಟು ದೊಡ್ಡ ಸ್ಕ್ರೀನು. ಹಿಂದಿನ ತೆರೆದ ಭಾಗಕ್ಕೆ ಇಲ್ಲಿಯವರು ಬೆಡ್ ಅಂತಾರೆ. ಅದರಲ್ಲಿ ನಾನು ನೋಡಿದ ಹೆಚ್ಚಿನ ದಿನ ಇರೋದು ಒಣಗಿದ ಎಲೆ, ಒಂದು ಖಾಲಿ ನೀರಿನ ಬಾಟ್ಲಿ. ಫೋರ್ಡ್ ಕಂಪನಿಯ ಎಫ್-ಸೀರೀಸ್ 1977ರಿಂದ ಅಮೆರಿಕದ ನಂಬರ್ ಒನ್ ಟ್ರಕ್. ಟೊಯೋಟಾದವರು ತಮ್ಮ ದೊಡ್ಡ ಪಿಕಪ್ ಟಂಡ್ರಾವನ್ನು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲೇ ತಯಾರಿಸ್ತಾರೆ. ಫೋರ್ಡ್‌ನ ಒಂದು ದುಬಾರಿ ಮಾಡೆಲ್‌ಗೆ ಇಲ್ಲಿನ ದನದ ಫಾರ್ಮ್ ಒಂದರ ಹೆಸರೇ ಇದೆ, ಕಿಂಗ್ ರಾಂಚ್ ಅಂತ. ಈ ರಾಜ್ಯದಲ್ಲಿ ಪಿಕಪ್ ಇಲ್ಲದಿರೋದು ಮಲೆನಾಡಲ್ಲಿ ಕೊಡೆ ಇಲ್ಲದ ಹಾಗೆ.

ಪೀಠಿಕೆ ಯಾಕೆ ಅಂದ್ರೆ, ನಮ್ಮ ಟೀಮಿನ ಮಂಡ್ಯದ ಹುಡುಗನೊಬ್ಬ ಎರಡನೇ ಗಾಡಿ ತಗೋಬೇಕು. ಮನೆಯಲ್ಲಿ ಒಂದು ಹೈಬ್ರಿಡ್ ಎಸ್‌ಯುವಿ ಇದೆ, ಅದು ಹೆಂಡತಿ ಕೈಯಲ್ಲಿ. ಇವನಿಗೆ ವಾರಕ್ಕೆ ಮೂರು ದಿನ ಆಫೀಸು, ಹೋಗಿ ಬರೋಕೆ 44 ಮೈಲಿ. ಎರಡು ವರ್ಷದ ಮಗಳಿದ್ದಾಳೆ. ಬೇಸಿಗೆಗೆ ಅಪ್ಪ ಅಮ್ಮ ಆರು ತಿಂಗಳಿಗೆ ಬರ್ತಾರೆ. ಅವನ ಮನಸ್ಸು ಎರಡು ಗಾಡಿಗಳ ಮಧ್ಯೆ ತೂಗಾಡ್ತಾ ಇತ್ತು: ಮಾಜ್ದಾ ಮಿಯಾಟಾ, ಅಂದ್ರೆ ಮೇಲ್ಛಾವಣಿ ಮಡಚೋ ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು, ಇಲ್ಲಾಂದ್ರೆ ಫೋರ್ಡ್ ಎಫ್-150. "ಗುರೂ, ಕಾಲಂ ಬರೀತೀಯಲ್ಲ, ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ ಹೇಳು" ಅಂದ. ಕಳೆದ ಸಲ ಬಾಡಿಗೆ ಮನೆಯ ಲೆಕ್ಕ ಬರೆದಿದ್ದನ್ನ ಓದಿದ್ದ ಅಂತ ಕಾಣತ್ತೆ.

ಮೊದಲು ಪೆಟ್ರೋಲು, ಯಾಕಂದ್ರೆ ಎಲ್ಲರೂ ಅಲ್ಲಿಂದಲೇ ಶುರು ಮಾಡ್ತಾರೆ. ವರ್ಷಕ್ಕೆ 10,000 ಮೈಲಿ, ಗ್ಯಾಲನ್‌ಗೆ 3 ಡಾಲರ್ ಅಂತ ಹಿಡಿದೆ. ಮಿಯಾಟಾ ಗ್ಯಾಲನ್‌ಗೆ ಸರಾಸರಿ 29 ಮೈಲಿ ಕೊಡತ್ತೆ, ನಮ್ಮ ಲೆಕ್ಕದಲ್ಲಿ ಲೀಟರಿಗೆ 12 ಕಿಲೋಮೀಟರ್ ಚಿಲ್ಲರೆ. ಎಫ್-150 ಸುಮಾರು 20 ಮೈಲಿ, ಅಂದ್ರೆ ಲೀಟರಿಗೆ ಎಂಟೂವರೆ. ವರ್ಷಕ್ಕೆ 345 ಗ್ಯಾಲನ್ ಒಂದು ಕಡೆ, 500 ಗ್ಯಾಲನ್ ಇನ್ನೊಂದು ಕಡೆ. ವ್ಯತ್ಯಾಸ 465 ಡಾಲರ್. ನಾನೂ ಇನ್ನೂ ಜಾಸ್ತಿ ಇರತ್ತೆ ಅಂದ್ಕೊಂಡಿದ್ದೆ. ತಮಾಷೆ ಏನು ಗೊತ್ತಾ? ಸ್ಪೋರ್ಟ್ಸ್ ಕಾರು ಅಂತ ಮಸ್ಟಾಂಗ್ ಜಿಟಿ ತಗೊಂಡರೆ ಅದರ ವಿ-8 ಇಂಜಿನ್ ಗ್ಯಾಲನ್‌ಗೆ 18 ಮೈಲಿ ಆಸುಪಾಸು. ಟ್ರಕ್‌ಗಿಂತ ಹೆಚ್ಚು ಕುಡಿಯತ್ತೆ. ಹಾಗಾಗಿ "ಟ್ರಕ್ ಪೆಟ್ರೋಲ್ ಕುಡಿಯತ್ತೆ" ಅಂತ ಸ್ಪೋರ್ಟ್ಸ್ ಕಾರಿನವರು ಹೇಳೋ ಹಾಗಿಲ್ಲ.

ದುಡ್ಡು ಹೋಗೋದು ಬೇರೆ ಕಡೆ. ಮಿಯಾಟಾ 30,000 ಡಾಲರ್ ಹತ್ತಿರ. ಅವನು ನೋಡಿದ ನಾಲ್ಕು ಬಾಗಿಲಿನ ಎಫ್-150 55,000. ಪೂರ್ತಿ ಸಾಲ, 7 ಪರ್ಸೆಂಟ್ ಬಡ್ಡಿ, 72 ತಿಂಗಳು ಅಂತ ಹಾಕಿದ್ರೆ ಒಂದಕ್ಕೆ ತಿಂಗಳಿಗೆ 511 ಡಾಲರ್, ಇನ್ನೊಂದಕ್ಕೆ 938. ವರ್ಷಕ್ಕೆ 5,100 ಡಾಲರ್ ವ್ಯತ್ಯಾಸ. ಪೆಟ್ರೋಲ್ ವ್ಯತ್ಯಾಸದ ಹನ್ನೊಂದು ಪಟ್ಟು! ಶೋರೂಮಿನಲ್ಲಿ ಮೈಲೇಜ್ ಬಗ್ಗೆ ಅರ್ಧ ಗಂಟೆ ಚರ್ಚೆ ಮಾಡಿ ಸಾಲದ ಕಾಗದಕ್ಕೆ ಎರಡು ನಿಮಿಷದಲ್ಲಿ ಸೈನ್ ಹಾಕೋರು ಈ ಸಾಲನ್ನ ಇನ್ನೊಂದ್ಸಲ ಓದಿ.

72 ತಿಂಗಳು ಅಂದ್ರೆ ಆರು ವರ್ಷ. ಇವನು ಇರೋದು ಎಚ್-1ಬಿ ವೀಸಾದಲ್ಲಿ. ಕೆಲಸ ಹೋದರೆ ಬೇರೆ ಕೆಲಸ ಹುಡುಕೋಕೆ ಅಥವಾ ದೇಶ ಬಿಡೋಕೆ ಸಿಗೋದು 60 ದಿನ. ಆ 60 ದಿನದಲ್ಲಿ ಮನೆ, ಸಾಮಾನು, ಗಾಡಿ ಎಲ್ಲಾ ನೋಡಬೇಕು. ಗಾಡಿ ಮಾರಿ ಬಂದ ದುಡ್ಡಿಗಿಂತ ಉಳಿದ ಸಾಲ ಜಾಸ್ತಿ ಇದ್ದರೆ ಆ ಬಾಕಿ ಕೈಯಿಂದ ಕಟ್ಟಿ ಹೋಗಬೇಕು. ಡೌನ್ ಪೇಮೆಂಟ್ ಇಲ್ಲದ ಹೊಸ ಗಾಡಿಗೆ ಮೊದಲ ಎರಡು ಮೂರು ವರ್ಷ ಇದು ತೀರಾ ಸಾಮಾನ್ಯ. ಟೆಕ್ಸಾಸ್‌ನಲ್ಲಿ ಪಿಕಪ್ ಬೇಗ ಮಾರಾಟ ಆಗತ್ತೆ, ನಿಜ. ಆದ್ರೆ ಬೇಗ ಮಾರೋದು ಬೇರೆ, ಸಾಲ ತೀರೋಷ್ಟಕ್ಕೆ ಮಾರೋದು ಬೇರೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮ್ಯಾನೇಜರ್‌ಗೆ ಈ ಲೆಕ್ಕ ಬೇಕಾಗಲ್ಲ. ನಮಗೆ ಬೇಕು.

"ಆದ್ರೆ ಮಗಾ, ಪಿಕಪ್ ಇದ್ರೆ ಎಷ್ಟೊಂದು ಸಾಮಾನು ಹಾಕಬಹುದು" ಅಂದ. ಸರಿ, ಕಳೆದ ಒಂದು ವರ್ಷದಲ್ಲಿ ಎಸ್‌ಯುವಿಯಲ್ಲಿ ಹಿಡಿಸದೆ ಇದ್ದಿದ್ದು ಏನೇನು, ಬರೆದುಕೊಂಡು ಬಾ ಅಂದೆ. ಮಾರನೇ ದಿನ ಪಟ್ಟಿ ತಂದ. ಒಂದು ವಾರ್ಡ್‌ರೋಬ್. ಹಿತ್ತಲಿಗೆ ಮಣ್ಣು, ಎರಡು ಸಲ. ಕನ್ನಡ ಕೂಟದ ಗಣೇಶನ ಮಂಟಪಕ್ಕೆ ಪ್ಲೈವುಡ್. ಯಾರದೋ ಹಳೇ ಸೋಫಾ. ವರ್ಷಕ್ಕೆ ಐದು ದಿನ. ಯು-ಹಾಲ್ ಅಂಗಡಿ ಮುಂದೆ ಪಿಕಪ್ ಬಾಡಿಗೆ ದಿನಕ್ಕೆ 19.95 ಡಾಲರ್ ಅಂತ ಬೋರ್ಡೇ ಇರತ್ತೆ, ಅದರ ಮೇಲೆ ಓಡಿಸಿದ ಮೈಲಿಗೆ ಇಷ್ಟು ಅಂತ. ಐದು ದಿನಕ್ಕೆ ಎಷ್ಟೇ ಎಳೆದರೂ ಅವನ ಒಂದು ತಿಂಗಳ ಕಂತಿನ ಹತ್ತಿರಕ್ಕೂ ಬರಲ್ಲ.

ಉಳಿದ 360 ದಿನದ ಸಾಮಾನಿಗೆ ಆ ಬೆಡ್ಡು ನಿಜ ಹೇಳಬೇಕು ಅಂದ್ರೆ ಕೆಲಸಕ್ಕೇ ಬರಲ್ಲ. ಅದಕ್ಕೆ ಮುಚ್ಚಳ ಇಲ್ಲ, ಬೀಗ ಇಲ್ಲ. ಜುಲೈ ತಿಂಗಳ 40 ಡಿಗ್ರಿ ಬಿಸಿಲಲ್ಲಿ ಹಾಲು ಮೊಸರು ಅಲ್ಲಿ ಇಡ್ತೀರಾ? ತಿರುವಿನಲ್ಲಿ ಈರುಳ್ಳಿ ಚೀಲ ಒಂದು ಮೂಲೆಯಿಂದ ಇನ್ನೊಂದಕ್ಕೆ ಉರುಳತ್ತೆ. ವಸಂತ ಕಾಲದಲ್ಲಿ ಡಲ್ಲಾಸ್‌ಗೆ ಆಲಿಕಲ್ಲು ಮಳೆ ಬೇರೆ. ಕೊನೆಗೆ ಎಲ್ಲರೂ ಮಾಡೋದು ಒಂದೇ, ದಿನಸಿಯನ್ನ ಹಿಂದಿನ ಸೀಟಿನ ಮೇಲೆ ಇಟ್ಕೊಂಡು ಬರೋದು. ಇನ್ನೊಂದು ಸಾವಿರ ಡಾಲರ್ ಆಸುಪಾಸು ಕೊಟ್ಟು ಬೆಡ್ಡಿಗೆ ಮುಚ್ಚಳ ಹಾಕಿಸಿದ್ರೆ ಆಯ್ತು, ಕಾರಿನ ಡಿಕ್ಕಿ ಆಗತ್ತೆ!

ಪ್ಲೈವುಡ್ ವಿಷಯಕ್ಕೇ ಬನ್ನಿ. ಹಾಳೆ ಎಂಟಡಿ ಉದ್ದ, ನಾಲ್ಕಡಿ ಅಗಲ. ಅವನು ನೋಡಿದ ಟ್ರಕ್ಕಿನ ಬೆಡ್ಡು ಐದೂವರೆ ಅಡಿ. ಹಿಂದಿನ ಬಾಗಿಲು ಇಳಿಬಿಟ್ಟು, ಹೊರಗೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿಕೊಂಡೇ ಬರಬೇಕು. 1970ರ ದಶಕದ ಎಫ್-150 ಚಿತ್ರ ನೋಡಿ: ಮುಂದೆ ಒಂದೇ ಸಾಲು ಸೀಟು, ಹಿಂದೆ ಉದ್ದಕ್ಕೆ ಬೆಡ್ಡು. ಗಾಡಿಯ ಹೆಚ್ಚಿನ ಪಾಲು ಸಾಮಾನಿಗೆ. ಈಗಿನ ನಾಲ್ಕು ಬಾಗಿಲಿನದರಲ್ಲಿ ಹೆಚ್ಚಿನ ಪಾಲು ಕೂರೋ ಜಾಗ. ಗಾಡಿ ದೊಡ್ಡದಾಗ್ತಾ ಹೋಯ್ತು, ಸಾಮಾನಿನ ಜಾಗ ಚಿಕ್ಕದಾಗ್ತಾ ಹೋಯ್ತು. ಮದ್ದೂರಿನ ಎಳನೀರು ವ್ಯಾಪಾರಿಗೆ ತೋರಿಸಿದ್ರೆ ನಗ್ತಾನೆ.

ಯಾಕೆ ಹೀಗಾಯ್ತು ಅನ್ನೋದಕ್ಕೆ ಒಂದು ಕೋಳಿ ಕಥೆ ಇದೆ, ಎರಡೇ ಸಾಲಲ್ಲಿ ಹೇಳ್ತೀನಿ. 1960ರ ದಶಕದಲ್ಲಿ ಯುರೋಪಿನವರು ಅಮೆರಿಕದ ಕೋಳಿ ಮೇಲೆ ಸುಂಕ ಏರಿಸಿದ್ರು, ಸಿಟ್ಟಿಗೆ ಅಮೆರಿಕ 1964ರಲ್ಲಿ ಹೊರಗಿನಿಂದ ಬರೋ ಚಿಕ್ಕ ಟ್ರಕ್ಕುಗಳ ಮೇಲೆ 25 ಪರ್ಸೆಂಟ್ ಸುಂಕ ಹಾಕಿತು. ಕೋಳಿ ಜಗಳ ಮರೆತುಹೋಯ್ತು, ಸುಂಕ ಉಳೀತು. ಜೊತೆಗೆ 1975ರ ಇಂಧನ ಕಾನೂನಿನಡಿ ಬಂದ ಮೈಲೇಜ್ ನಿಯಮ ಕಾರುಗಳಿಗಿಂತ ಟ್ರಕ್ಕುಗಳಿಗೆ ಸಡಿಲ. ಮುಂದೆ ಗಾಡಿ ನಿಲ್ಲೋ ಜಾಗ ದೊಡ್ಡದಾದಷ್ಟೂ ಮೈಲೇಜ್ ಗುರಿ ಇಳಿಯೋ ಹಾಗೆ ಮಾಡಿದ್ರು. ಕಂಪನಿಗಳು ದಡ್ಡರಲ್ಲ. ಹೊರಗಿನ ಪೈಪೋಟಿ ಕಮ್ಮಿ, ದೊಡ್ಡದಕ್ಕೆ ಲಾಭ ಜಾಸ್ತಿ. ಇಂಡಿಯಾದಲ್ಲಿ 2022ರಿಂದ ಸಿಗ್ತಿರೋ ಟೊಯೋಟಾ ಹೈಲಕ್ಸ್ ಅಮೆರಿಕದಲ್ಲಿ ಮಾರಾಟಕ್ಕೇ ಇಲ್ಲ. ನಮ್ಮ ರಸ್ತೆಗಳಲ್ಲಿ ಆನೆ ಥರ ಕಾಣೋ ಆ 5.3 ಮೀಟರಿನ ಹೈಲಕ್ಸು ಎಫ್-150 ಪಕ್ಕ ನಿಂತರೆ ತಮ್ಮನ ಹಾಗೆ ಕಾಣತ್ತೆ; ಇದು 5.9 ಮೀಟರ್. ಇಲ್ಲಿನ ಮನೆಗಳ ಗ್ಯಾರೇಜು ಸಾಮಾನ್ಯವಾಗಿ 20 ಅಡಿ ಆಳ, ಅಂದ್ರೆ 6.1 ಮೀಟರ್. ನಮ್ಮವರ ಗ್ಯಾರೇಜಲ್ಲಿ ಎರಡನೇ ಫ್ರಿಜ್ಜು, ಅಕ್ಕಿ ಮೂಟೆ, ಅತ್ತೆ ತಂದ ಸೂಟ್‌ಕೇಸು ಇರತ್ತಲ್ಲ, ಅವುಗಳಿಗೆ ಎಲ್ಲಿ ಜಾಗ?

ಹಾಗಂತ ಮಿಯಾಟಾ ಗೆದ್ದಿತು ಅಂದ್ಕೋಬೇಡಿ. ಅದರ ಡಿಕ್ಕಿ 130 ಲೀಟರ್. ನಮ್ಮ ಆಲ್ಟೊ 800ರ ಡಿಕ್ಕಿ 177 ಲೀಟರ್ ಇತ್ತು! ಇಂಡಿಯನ್ ಅಂಗಡಿಯಲ್ಲಿ ಸೋನಾ ಮಸೂರಿ 20 ಪೌಂಡಿನ ಚೀಲ ಎರಡು, ತೊಗರಿಬೇಳೆ, ಎಣ್ಣೆ ಕ್ಯಾನು ಇಟ್ಟರೆ ಮುಗೀತು. ತರಕಾರಿ ಪಕ್ಕದ ಸೀಟಿಗೆ, ಹೆಂಡತಿ ಕ್ಯಾಬಿಗೆ.

ಸ್ಪೋರ್ಟ್ಸ್ ಕಾರಿನ ಪರವಾಗಿ ನನ್ನ ಹತ್ತಿರ ಇದ್ದ ಒಂದೇ ವಾದ ಸಂತೋಷ. ಟ್ರಕ್ಕಿನ ಶಕ್ತಿ ವರ್ಷಕ್ಕೆ ಐದು ದಿನ ಉಪಯೋಗಕ್ಕೆ ಬಂದ್ರೆ, ಒಳ್ಳೇ ಸ್ಟಿಯರಿಂಗ್ ಇರೋ ಹಗುರ ಕಾರು ಪ್ರತಿ ತಿರುವಲ್ಲೂ ಖುಷಿ ಕೊಡತ್ತೆ. ಆದ್ರೆ ತಿರುವು ಎಲ್ಲಿದೆ ಸ್ವಾಮಿ? ಡಲ್ಲಾಸ್ ಸುತ್ತಮುತ್ತಲಿನ ರಸ್ತೆಗಳು ಸ್ಕೇಲ್ ಇಟ್ಟು ಗೀಟು ಎಳೆದ ಹಾಗೆ. ಹೈವೇಗೆ ಹತ್ತೋ ರಾಂಪ್ ಒಂದೇ ತಿರುವು. ಆಗುಂಬೆ, ಚಾರ್ಮಾಡಿ ಥರದ್ದು ಬೇಕು ಅಂದ್ರೆ ಹಿಲ್ ಕಂಟ್ರಿಗೆ ಹೋಗಬೇಕು. ಅಲ್ಲಿ 335, 336, 337 ನಂಬರಿನ ಮೂರು ರಸ್ತೆಗಳಿವೆ, ಟ್ವಿಸ್ಟೆಡ್ ಸಿಸ್ಟರ್ಸ್ ಅಂತಾರೆ, ಬೈಕಿನವರಿಗೆ ತೀರ್ಥಕ್ಷೇತ್ರ. ಡಲ್ಲಾಸ್‌ನಿಂದ ಐದು ಗಂಟೆಗೂ ಹೆಚ್ಚಿನ ದಾರಿ. ಅಲ್ಲಿಗೆ ಅವನು ವರ್ಷಕ್ಕೆ ಎಷ್ಟು ಸಲ ಹೋಗ್ತಾನೆ? ಪ್ಲೈವುಡ್‌ನಷ್ಟೇ.

ಇಷ್ಟೆಲ್ಲಾ ಲೆಕ್ಕ ಹಾಕಿಕೊಂಡು ಅವರ ಮನೆಗೆ ಹೋದ್ರೆ ಅವನ ಹೆಂಡತಿ ಒಂದೇ ಪ್ರಶ್ನೆ ಕೇಳಿದ್ರು. "ರೀ, ಡೇಕೇರ್‌ನಿಂದ ಮಗೂಗೆ ಜ್ವರ ಅಂತ ಫೋನ್ ಬಂದ್ರೆ ಯಾರು ಹತ್ತಿರ ಇರ್ತಾರೋ ಅವರು ತಾನೇ ಹೋಗಬೇಕು? ನೀವು ಯಾವುದರಲ್ಲಿ ಹೋಗ್ತೀರಾ?" ಇಲ್ಲಿ ಮಕ್ಕಳ ಡಾಕ್ಟರುಗಳ ಅಕಾಡೆಮಿ 13 ವರ್ಷದ ತನಕ ಮಕ್ಕಳನ್ನ ಹಿಂದಿನ ಸೀಟಲ್ಲೇ ಕೂರಿಸಿ ಅನ್ನತ್ತೆ. ಮಿಯಾಟಾದಲ್ಲಿ ಹಿಂದಿನ ಸೀಟು ಅನ್ನೋದೇ ಇಲ್ಲ. ಅಲ್ಲಿಗೆ ನನ್ನ ಎಕ್ಸೆಲ್ ಮುಚ್ಚಿದೆ. ದಿನಾ ಓಡಿಸೋ ಗಾಡಿಯಾಗಿ ಪಿಕಪ್ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನ ಸೋಲಿಸತ್ತೆ, ಆದ್ರೆ ಸೋಲಿಸೋದು ಬೆಡ್ಡಿನಿಂದಲ್ಲ, ಹಿಂದಿನ ಸೀಟಿನಿಂದ. ಅದೇ ಸೀಟು ಯಾವ ಸಾಧಾರಣ ಹ್ಯಾಚ್‌ಬ್ಯಾಕ್‌ನಲ್ಲೂ ಇರತ್ತೆ, ಅರ್ಧ ಬೆಲೆಗೆ.

ಅತ್ತೆ ಮಾವನ ವಿಷಯವೂ ಅವರೇ ಎತ್ತಿದ್ರು. ಅತ್ತೆಗೆ ಮಂಡಿ ನೋವು. ಮಿಯಾಟಾದಲ್ಲಿ ಕೂರೋದು ಅಂದ್ರೆ ಪಂಕ್ತಿ ಊಟಕ್ಕೆ ನೆಲದ ಮೇಲೆ ಕೂತ ಹಾಗೆ, ಏಳೋಕೆ ಒಬ್ಬರು ಕೈ ಹಿಡೀಬೇಕು. ಎಫ್-150 ಹತ್ತೋದು ಅಂದ್ರೆ ಕೆಎಸ್‌ಆರ್‌ಟಿಸಿ ಬಸ್ಸು ಹತ್ತಿದ ಹಾಗೆ, ಮೆಟ್ಟಿಲು ಬೇರೆ ದುಡ್ಡು ಕೊಟ್ಟು ಹಾಕಿಸಬೇಕು. ವಯಸ್ಸಾದವರಿಗೆ ಸೊಂಟದ ಎತ್ತರಕ್ಕೆ ಸೀಟು ಇದ್ದರೆ ಸಾಕು, ಹಿಂದಕ್ಕೆ ಸರಿದು ಕೂರಬಹುದು. ಈ ಒಂದು ಅಳತೆ ಯಾವ ಬ್ರೋಶರ್‌ನಲ್ಲೂ ದಪ್ಪ ಅಕ್ಷರದಲ್ಲಿ ಹಾಕಿರಲ್ಲ.

ಅವನಿಗೆ ಆಗಲೂ ಟ್ರಕ್ಕಿನ ಮೇಲೇ ಮನಸ್ಸು. ಕಾರಣ ಕೇಳಿದ್ರೆ ಮೆಲ್ಲಗೆ ಹೇಳಿದ, "ಈ ರೋಡಲ್ಲಿ ಎಲ್ಲರೂ ಟ್ರಕ್ಕಲ್ಲಿದ್ದಾರೆ. ಚಿಕ್ಕ ಕಾರಲ್ಲಿ ಹೋಗೋವಾಗ ಭಯ ಆಗತ್ತೆ ಗುರು." ಇದನ್ನ ನಾನು ತಳ್ಳಿಹಾಕಲ್ಲ. ಮೊದಲ ವರ್ಷದ ಫಿಸಿಕ್ಸ್ ಸಾಕು: 1,100 ಕೆಜಿ ಕಾರು, 2,200 ಕೆಜಿ ಟ್ರಕ್ಕು ಎದುರಾಬದುರಾ ಗುದ್ದಿದ್ರೆ ಕಾರಿನ ವೇಗದಲ್ಲಾಗೋ ಬದಲಾವಣೆ ಟ್ರಕ್ಕಿನದ್ದಕ್ಕಿಂತ ಎರಡರಷ್ಟು. ಪೆಟ್ಟು ತಿನ್ನೋದು ಚಿಕ್ಕದು. ಮಿಯಾಟಾದಲ್ಲಿ ಕೂತರೆ ಪಕ್ಕದ ಟ್ರಕ್ಕಿನ ಚಕ್ರದ ನಟ್ಟು ಕಣ್ಣಿಗೆ ನೇರ ಕಾಣತ್ತೆ. ಅವನ ಭಯ ನಿಜ.

ಆದ್ರೆ ಆ ಭಯಕ್ಕೆ ದೊಡ್ಡ ಗಾಡಿ ತಗೊಂಡ್ರೆ ಅಪಾಯ ಹೋಗಲ್ಲ, ಬೇರೆಯವರ ಕಡೆ ತಿರುಗತ್ತೆ. ಇಲ್ಲಿನ ಇನ್ಶೂರೆನ್ಸ್ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2023ರಲ್ಲಿ ಒಂದು ಅಧ್ಯಯನ ಹೊರಗೆ ತಂತು. ಬಾನೆಟ್ಟಿನ ಎತ್ತರ 40 ಇಂಚಿಗಿಂತ ಜಾಸ್ತಿ ಇರೋ ಗಾಡಿಗಳು ಪಾದಚಾರಿಗೆ ಗುದ್ದಿದ್ರೆ ಸಾವಾಗೋ ಸಾಧ್ಯತೆ, 30 ಇಂಚಿನೊಳಗಿನ ಇಳಿಜಾರು ಬಾನೆಟ್ಟಿನ ಗಾಡಿಗಳಿಗಿಂತ ಸುಮಾರು 45 ಪರ್ಸೆಂಟ್ ಜಾಸ್ತಿ. ಕಾರು ಕಾಲಿಗೆ ಹೊಡೆದು ಬಾನೆಟ್ ಮೇಲೆ ಬೀಳಿಸತ್ತೆ, ಟ್ರಕ್ಕು ಎದೆಗೆ, ತಲೆಗೆ ಹೊಡೆದು ಕೆಳಗೆ ಬೀಳಿಸತ್ತೆ. 2009ರಲ್ಲಿ ಅಮೆರಿಕದ ರಸ್ತೆಗಳಲ್ಲಿ 4,109 ಪಾದಚಾರಿಗಳು ಸತ್ತಿದ್ರು; 2022ರಲ್ಲಿ ಆ ಸಂಖ್ಯೆ 7,000 ದಾಟಿತ್ತು. ಅದಕ್ಕೆಲ್ಲಾ ಟ್ರಕ್ಕೇ ಕಾರಣ ಅಂತ ನಾನು ಹೇಳ್ತಿಲ್ಲ. ಮೊಬೈಲು, ಫುಟ್‌ಪಾತ್ ಇಲ್ಲದ ಅಗಲದ ರಸ್ತೆ, ವೇಗ, ಎಲ್ಲಾ ಇದೆ. ಟ್ರಕ್ಕೂ ಇದೆ.

ನಾನು ಅವನಿಗೆ ಈ ಅಂಕಿ ಯಾವುದೂ ಹೇಳಲಿಲ್ಲ. ಟೇಪ್ ತಗೊಂಡು ಹೋದೆ. ಅವನ ಮಗಳು 34 ಇಂಚು. ಡೀಲರ್ ಹತ್ತಿರ ನಿಂತಿದ್ದ ಆ ಟ್ರಕ್ಕಿನ ಬಾನೆಟ್ಟಿನ ಅಂಚು ನನ್ನ ಎದೆ ಮಟ್ಟ. ಡ್ರೈವರ್ ಸೀಟಲ್ಲಿ ಅವನನ್ನ ಕೂರಿಸಿ, ಮಗಳ ಎತ್ತರಕ್ಕೆ ಒಂದು ರಟ್ಟಿನ ಪೆಟ್ಟಿಗೆ ಗಾಡಿ ಮುಂದೆ ಇಟ್ಟು ಹಿಂದಕ್ಕೆ ಎಳೀತಾ ಹೋದೆ. "ಕಾಣ್ತಾ?" "ಇಲ್ಲ." "ಈಗ?" "ಇಲ್ಲ." ಅವನಿಗೆ ಪೆಟ್ಟಿಗೆಯ ಮೇಲಂಚು ಕಂಡಾಗ ನಾನು ಎರಡು ಹೆಜ್ಜೆಗಿಂತ ಜಾಸ್ತಿ ಹಿಂದೆ ಬಂದಿದ್ದೆ. ಸೇಲ್ಸ್‌ನವರು ಮುಂದೆ ಕ್ಯಾಮೆರಾ ಇರೋ ಮಾಡೆಲ್ಲೂ ಇದೆ ಅಂದ್ರು. ಹಿಂದಿನ ಕ್ಯಾಮೆರಾ ಇಲ್ಲಿ 2018ರಿಂದ ಎಲ್ಲಾ ಹೊಸ ಗಾಡಿಗೂ ಕಡ್ಡಾಯ, ಮುಂದಿನದ್ದಕ್ಕೆ ಆ ನಿಯಮ ಇಲ್ಲ. ಅವರ ಬೀದಿ ಕೊನೆಯಲ್ಲಿ ರಸ್ತೆ ಮುಗಿಯತ್ತೆ, ಸಂಜೆ ಆರು ಏಳು ಮಕ್ಕಳು ಅಲ್ಲೇ ಸೈಕಲ್ ಹೊಡೀತಾ ಇರ್ತಾರೆ. ಅವನು ಗಾಡಿಯಿಂದ ಇಳಿದು ಪೆಟ್ಟಿಗೆ ಎತ್ತಿಕೊಂಡು ಬಂದ, ಏನೂ ಮಾತಾಡಲಿಲ್ಲ.

ನನ್ನ ಸಲಹೆ ಒಂದು ಒಳ್ಳೇ ಹೈಬ್ರಿಡ್ ಹ್ಯಾಚ್‌ಬ್ಯಾಕ್ ಆಗಿತ್ತು. ಅದನ್ನ ಅವನು ಕೇಳಲಿಲ್ಲ, ಕೇಳಬೇಕಾಗೂ ಇಲ್ಲ. ಅದೇ ಡೀಲರ್ ಹತ್ತಿರ ಮೂಲೆಯಲ್ಲಿ ನಿಂತಿದ್ದ ಫೋರ್ಡ್ ಮ್ಯಾವರಿಕ್ ನೋಡಿದ. 2022ರ ಮಾಡೆಲ್ಲಾಗಿ ಬಂದ ಪುಟ್ಟ ಪಿಕಪ್ ಇದು. ಕಾರಿನ ಥರದ ಚಾಸಿ, ನಾಲ್ಕು ಬಾಗಿಲು, ನಾಲ್ಕೂವರೆ ಅಡಿ ಬೆಡ್ಡು. ಉದ್ದ 5.07 ಮೀಟರ್, ಹೈಲಕ್ಸ್‌ಗಿಂತಲೂ ಕಮ್ಮಿ. ಹೈಬ್ರಿಡ್ ಇಂಜಿನ್ ಗ್ಯಾಲನ್‌ಗೆ ಸರಾಸರಿ 37 ಮೈಲಿ ಕೊಡತ್ತೆ, ಅಂದ್ರೆ ವರ್ಷಕ್ಕೆ 270 ಗ್ಯಾಲನ್. ಮಿಯಾಟಾಗಿಂತ ಕಮ್ಮಿ! ಬಂದ ಹೊಸದರಲ್ಲಿ 20,000 ಡಾಲರ್ ಒಳಗೆ ಶುರುವಾಗ್ತಿತ್ತು, ಈಗ 28,000 ದಾಟಿದೆ. ಇಷ್ಟು ವರ್ಷ ಇಂಥದ್ದೊಂದನ್ನ ಯಾಕೆ ಮಾಡಲಿಲ್ಲ ಅಂತ ಕೇಳಿದ್ರೆ ಮತ್ತೆ ಕೋಳಿ ಕಥೆಗೇ ಹೋಗಬೇಕು. ರಟ್ಟಿನ ಪೆಟ್ಟಿಗೆ ಪರೀಕ್ಷೆ ಅದಕ್ಕೂ ಮಾಡಿದ್ವಿ. ಅರ್ಧಕ್ಕರ್ಧ ಮೊದಲೇ ಕಾಣಿಸ್ತು. ನಮ್ಮ ಮನೆ ಕಾರಿನಷ್ಟು ಹತ್ತಿರ ಅಲ್ಲ, ಆದ್ರೂ ಎಷ್ಟೋ ವಾಸಿ.

ಅಲ್ಲಿಂದಲೇ ಊರಿಗೆ ವಿಡಿಯೋ ಕಾಲ್ ಮಾಡಿ ಗಾಡಿ ತೋರಿಸಿದ. ಅವನ ಅಪ್ಪ ಕನ್ನಡಕ ಹಾಕ್ಕೊಂಡು ಎರಡು ನಿಮಿಷ ನೋಡಿದ್ರು.

"ಎಷ್ಟು ಮೂಟೆ ಹಿಡಿತದಪ್ಪ ಇದು?"

"1,500 ಪೌಂಡ್ ಅಪ್ಪ, 680 ಕೆಜಿ. ಅದರಲ್ಲಿ ಕೂತಿರೋ ನಮ್ಮ ತೂಕನೂ ಸೇರ್ತದೆ."

"ಹಂಗಾದ್ರೆ ಒಂಬತ್ತೋ ಹತ್ತೋ ಮೂಟೆ ಭತ್ತ. ಸಾಕು ಬುಡು. ಅಲ್ಲೇನು ಭತ್ತ ಬೆಳೀತೀಯಾ ನೀನು?"

10,000 ಡಾಲರ್ ಡೌನ್ ಪೇಮೆಂಟ್ ಕಟ್ಟಿ, 36 ತಿಂಗಳಿಗೆ ಸಾಲ ಮಾಡಿದ್ದಾನೆ. ಗಾಡಿ ಮುಂದಿನ ತಿಂಗಳು ಕೈಗೆ ಬರತ್ತೆ. ಮಿಯಾಟಾವನ್ನ ಅಕ್ಟೋಬರ್‌ನಲ್ಲಿ ಎರಡು ದಿನಕ್ಕೆ ಬಾಡಿಗೆಗೆ ಹಿಡಿದು ಹಿಲ್ ಕಂಟ್ರಿಗೆ ಹೋಗಿಬರೋದು ಅಂತ ತೀರ್ಮಾನ ಆಗಿದೆ. ಮಗು ಆಗ ಅಜ್ಜಿ ಹತ್ತಿರ ಇರತ್ತೆ. ಯಾರು ಓಡಿಸೋದು ಅನ್ನೋ ಚರ್ಚೆ ಮಾತ್ರ ಅವರಿಬ್ಬರಲ್ಲಿ ಇನ್ನೂ ಮುಗಿದಿಲ್ಲ.